ಹಣ್ಣಿನ ಸಿಪ್ಪೆ ಗಿಡಕ್ಕೆ ಹಾಕೋದಾದ್ರೆ ಮೊದಲು ಕೊಳೆಸಿ, ಆಮೇಲೆ ಹಾಕಿ

ಬಾಳೆಹಣ್ಣಿನ ಸಿಪ್ಪೆನ ಎರಡು ದಿನ ನೀರಲ್ಲಿ ನೆನೆಹಾಕಿ ಆ ನೀರನ್ನ ಗುಲಾಬಿಗೆ ಹುಯ್ದ್ರೆ ಗಿಡದ ತುಂಬಾ ಮೊಗ್ಗು ಬರತ್ತೆ ಅನ್ನೋ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದೇ ಇರತ್ತೆ. ಹಾಗೆ ಮಾಡಿದ್ರೆ ಗಿಡ ಏನೂ ಸತ್ತೋಗಲ್ಲ, ಆದ್ರೆ ಅದರ ಹೊಟ್ಟೆನೂ ತುಂಬಲ್ಲ. ಹಸಿ ಸಿಪ್ಪೆಲಿ ನೂರಕ್ಕೆ 85-90 ಭಾಗ ಬರೀ ನೀರು, ಉಳಿದಿದ್ದರಲ್ಲಿ ಪೊಟ್ಯಾಶ್ ಚೆನ್ನಾಗೇ ಇದೆ, ಅದರಲ್ಲಿ ಒಂದಷ್ಟು ನೀರಿಗೆ ಇಳಿಯತ್ತೆ ಅನ್ನೋದೂ ನಿಜ, ಆದ್ರೆ ಎಲೆ ಕಾಂಡ ಬೆಳೆಯೋಕೆ ಬೇಕಾಗಿರೋ ಸಾರಜನಕ ತುಂಬಾ ಕಮ್ಮಿ, ಇರೋ ಅಲ್ಪಸ್ವಲ್ಪನೂ ನಾರಿನ ಒಳಗೆ ಸೇರ್ಕೊಂಡಿರತ್ತೆ, ಸೂಕ್ಷ್ಮಜೀವಿಗಳು ಅದನ್ನ ತಿಂದು ಅರಗಿಸಿದ ಮೇಲೇನೇ ಬೇರಿಗೆ ಸಿಗೋದು. ನೆನೆಹಾಕಿದ ನೀರಿಗೆ ಧಾರಾಳವಾಗಿ ಇಳಿಯೋದು ಸಕ್ಕರೆ ಅಂಶ, ಅದಕ್ಕೆ ಇರುವೆನೂ ಮುತ್ಕೊಳತ್ತೆ ನುಸಿನೂ ಮುತ್ಕೊಳತ್ತೆ.

ಹಾಗಂತ ಸಿಪ್ಪೆ ಕಸದ ಗಾಡಿಗೆ ಹಾಕ್ಬೇಡಿ. ಹಳ್ಳಿ ಮನೆಗಳಲ್ಲಿ ಸಿಪ್ಪೆ ಸೊಪ್ಪು ಎಲ್ಲ ಮೊದಲು ಕಲಗಚ್ಚಿನ ಜೊತೆ ಹಸುಗೆ ಹೋಗೋದು, ಹಸು ಮೂಸಿ ಬಿಟ್ಟಿದ್ದು ಸಗಣಿ ಗಂಜಲ ಹುಲ್ಲಿನ ಸಮೇತ ತಿಪ್ಪೆಗೆ, ಅಲ್ಲಿ ತಿಂಗಳುಗಟ್ಟಲೆ ಕೊಳೆತು ಗೊಬ್ಬರ ಆಗಿ ಹೊಲಕ್ಕೆ. ಅಲ್ಲಿ ಯಾರೂ ಹಸಿ ಸಿಪ್ಪೆನ ತಂದು ಗಿಡದ ಬುಡಕ್ಕೆ ಸುರಿದಿದ್ದಿಲ್ಲ. ಬೆಂಗಳೂರು ಮೈಸೂರಲ್ಲಿ ಟೆರೇಸ್ ಮೇಲೆ, ಬಾಲ್ಕನಿಲಿ ಕುಂಡ ಇಟ್ಕೊಂಡಿರೋರು ಮಾಡ್ಬೇಕಾಗಿರೋದೂ ಇಷ್ಟೇ, ತಿಪ್ಪೆ ಬದಲು ಒಂದು ಬಕೆಟ್, ಸಗಣಿ ಬದಲು ಬೇರೆ ಏನಾದ್ರೂ.

ಬಕೆಟ್ ರೆಡಿ ಮಾಡೋದು

20 ಲೀಟರಿನ ಖಾಲಿ ಪೇಂಟ್ ಬಕೆಟ್ ಸಾಕು, ಪೇಂಟರ್ ಹತ್ರ ಕೇಳಿದ್ರೆ ಸುಮ್ನೇ ಕೊಡ್ತಾರೆ, ಚೆನ್ನಾಗಿ ಉಜ್ಜಿ ತೊಳೀರಿ. ಹಳೇ ಸ್ಕ್ರೂಡ್ರೈವರ್ ಕಾಯಿಸಿ ತಳಕ್ಕೆ ಏಳೆಂಟು ತೂತು, ಸುತ್ತಲೂ ನಾಲ್ಕು ಬೆರಳಿಗೊಂದರಂತೆ ತೂತು, ಮುಚ್ಚಳಕ್ಕೂ ಒಂದ್ನಾಲ್ಕು. ಈ ಕೆಲಸ ಮನೆ ಹೊರಗೆ ಮಾಡಿ, ಪ್ಲಾಸ್ಟಿಕ್ ಹೊಗೆ ಒಳ್ಳೇದಲ್ಲ, ಡ್ರಿಲ್ ಇದ್ರೆ ಇನ್ನೂ ಸುಲಭ. ಬಕೆಟ್ನ ಎರಡು ಇಟ್ಟಿಗೆ ಮೇಲೆ ಕೂರಿಸಿ ಕೆಳಗೆ ಒಂದು ಹಳೇ ತಟ್ಟೆ ಇಡಿ, ಇಲ್ಲಾಂದ್ರೆ ಕಂದು ನೀರು ಕೆಳಗಿನ ಮನೆಯೋರ ಬಟ್ಟೆ ಮೇಲೆ ಸೋರಿ ನಿಮ್ಮ ಗೊಬ್ಬರದ ಉತ್ಸಾಹ ಅಲ್ಲಿಗೇ ಮುಗಿಯತ್ತೆ.

ತಳಕ್ಕೆ ತೆಂಗಿನ ನಾರು ಇಲ್ಲಾ ಎಳನೀರು ಬುರುಡೆಯ ಸಣ್ಣ ತುಂಡುಗಳು, ಅದರ ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ, ಅದರ ಮೇಲೆ ಒಂದೆರಡು ಬೊಗಸೆ ಹಳೇ ಕಾಂಪೋಸ್ಟ್ ಅಥವಾ ಕುಂಡದ ಮಣ್ಣು. ಕೊಳೆಸೋ ಜೀವಿಗಳು ಬರೋದು ಈ ಮಣ್ಣಿಂದಾನೇ. ಸಗಣಿ ಸಿಕ್ರೆ ಒಂದು ಮುಷ್ಟಿ ನೀರಲ್ಲಿ ಕದಡಿ ಚಿಮುಕ್ಸಿ, ಇಲ್ದಿದ್ರೆ ಹುಳಿ ಮಜ್ಜಿಗೆ ಆದ್ರೂ ಆಗತ್ತೆ. ಅಂಗಡಿಲಿ ಡಿಕಂಪೋಸರ್ ಪೌಡರ್ ಅಂತ ದುಡ್ಡು ಕೊಟ್ಟು ತರಲೇಬೇಕು ಅಂತೇನಿಲ್ಲ, ತಂದ್ರೆ ಸ್ವಲ್ಪ ಬೇಗ ಆಗಬಹುದು ಅಷ್ಟೆ.

ಇನ್ನು ದಿನಾ ಮಾಡೋದು. ಸಿಪ್ಪೆನ ಹೆಬ್ಬೆರಳಿನ ಗಾತ್ರಕ್ಕೆ ಕತ್ತರಿಸಿ ಹಾಕಿ, ಹಾಕಿದ ತಕ್ಷಣ ಅದು ಕಾಣದ ಹಾಗೆ ಒಣ ಎಲೆ ಮುಚ್ಚಿ. ಲೆಕ್ಕ ಬೇಕು ಅಂದ್ರೆ ಒಂದು ಬಟ್ಟಲು ಸಿಪ್ಪೆಗೆ ಎರಡರಿಂದ ಮೂರು ಬಟ್ಟಲು ಒಣ ಎಲೆ. ಹೆಚ್ಚಿನ ಜನ ಎಡವೋದು ಇಲ್ಲೇ, ಸಿಪ್ಪೆ ಕೆಜಿಗಟ್ಟಲೆ ಇರತ್ತೆ, ಎಲೆ ಒಂದು ಹಿಡಿನೂ ಇರಲ್ಲ, ಆಮೇಲೆ ಬಕೆಟ್ ಗಬ್ಬು ನಾರತ್ತೆ ಅಂತ ಎತ್ತಿ ಬಿಸಾಕ್ತಾರೆ. ಎಲೆ ಕೂಡಿಟ್ಕೊಳ್ಳೋಕೆ ಒಳ್ಳೇ ಟೈಮ್ ಅಂದ್ರೆ ಫೆಬ್ರವರಿ-ಮಾರ್ಚ್, ರೋಡ್ ಬದಿ ಹೊಂಗೆ ಮರಗಳು ಎಲೆ ಉದುರಿಸೋ ಕಾಲ, ಗುಡಿಸೋರು ಗುಡ್ಡೆ ಹಾಕಿ ಇಟ್ಟಿರ್ತಾರೆ, ಕೇಳಿ ಎರಡು ಮೂಟೆ ತುಂಬ್ಕೊಂಡು ಮಳೆ ತಾಗದ ಕಡೆ ಇಟ್ರೆ ಮಳೆಗಾಲ ಪೂರ್ತಿ ಬರತ್ತೆ. ಎಲೆ ಸಿಗಲ್ಲ ಅನ್ನೋರು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಹರಿದ ನ್ಯೂಸ್ ಪೇಪರ್, ರಟ್ಟಿನ ಡಬ್ಬದ ಚೂರು ಏನಾದ್ರೂ ಹಾಕಿ, ಕಬ್ಬಿನ ಹಾಲಿನ ಗಾಡಿ ಹತ್ರ ಸಿಗೋ ಹಿಂಡಿದ ಜಲ್ಲೆನೂ ಸೂಪರ್, ಆದ್ರೆ ಎರಡು ದಿನ ಬಿಸಿಲಲ್ಲಿ ಒಣಗಿಸಿ ಹಾಕಿ, ಹಸಿದೇ ಹಾಕಿದ್ರೆ ಇಡೀ ಬೀದಿ ಇರುವೆ ನಿಮ್ಮ ಮನೆಗೆ.

ಹಣ್ಣಿನ ಸಿಪ್ಪೆಲಿ ಸಾರಜನಕ ಕಮ್ಮಿ ಅಂದ್ನಲ್ಲ, ಒಣ ಎಲೆಲೂ ಅಷ್ಟೇ, ಬರೀ ಅವೆರಡನ್ನೇ ಹಾಕಿದ್ರೆ ಕೊಳೆಯೋದೂ ನಿಧಾನ, ಆಗೋ ಗೊಬ್ಬರನೂ ಸಪ್ಪೆ. ಅದಕ್ಕೆ ವಾರಕ್ಕೊಂದು ಹಿಡಿ ಹಿಂಡಿ ಪುಡಿ ಸೇರಿಸಿ. ಕಡಲೆಕಾಯಿ ಹಿಂಡಿಲಿ ಸುಮಾರು 7 ಪರ್ಸೆಂಟ್ ಸಾರಜನಕ, ಬೇವಿನ ಹಿಂಡಿಲಿ 5ರ ಆಸುಪಾಸು, ಹೊಂಗೆ ಹಿಂಡಿಲಿ 4. ನನಗೆ ಹೊಂಗೆ ಹಿಂಡಿನೇ ಇಷ್ಟ, ಕಡಲೆಕಾಯಿ ಹಿಂಡಿ ವಾಸನೆಗೆ ಇಲಿ ಬರತ್ತೆ. ದುಡ್ಡು ಖರ್ಚೇ ಬೇಡ ಅಂದ್ರೆ ಫಿಲ್ಟರಲ್ಲಿ ಉಳಿಯೋ ಕಾಫಿ ಚರಟ, ತೊಳೆದ ಟೀ ಪುಡಿ, ದಂಟು ಮೆಂತ್ಯ ಬಿಡಿಸಿದಾಗ ಉಳಿಯೋ ಸೊಪ್ಪಿನ ಕಡ್ಡಿ, ಇವನ್ನ ಸಿಪ್ಪೆ ಜೊತೆನೇ ಹಾಕ್ತಾ ಬನ್ನಿ. ಅನ್ನ ಸಾರು, ಎಣ್ಣೆ ತಿಂಡಿ, ಮೊಸರು ಇವೆಲ್ಲ ಈ ಬಕೆಟ್‌ಗೆ ಬೇಡ.

ವಾರಕ್ಕೆರಡು ಸಲ ಒಂದು ಕೋಲು ತಗೊಂಡು ತಳದಿಂದ ಮೇಲಕ್ಕೆ ತಿರುವಿ ಹಾಕಿ, ಗಾಳಿ ಹೋಗ್ಬೇಕು. ತಿರುವಿದಾಗ್ಲೇ ಒಂದು ಹಿಡಿ ಕೈಗೆ ತಗೊಂಡು ಬಿಗಿಯಾಗಿ ಮುಷ್ಟಿ ಹಿಡೀರಿ. ಬೆರಳ ಸಂದಿಲಿ ನೀರು ಹೊಳೆದು ಒಂದೇ ಒಂದು ಹನಿ ಬೀಳ್ಲೋ ಬೇಡ್ವೋ ಅನ್ನೋ ಹಾಗೆ ನಿಂತ್ಕೊಂಡ್ರೆ ಹದ ಸರಿ. ಮುಂಗೈ ತನಕ ನೀರು ಇಳಿದ್ರೆ ಜಾಸ್ತಿ ಒದ್ದೆ, ಎಲೆ ಸೇರಿಸಿ. ಮುಷ್ಟಿ ಬಿಟ್ಟಾಗ ಉಂಡೆ ನಿಲ್ಲದೆ ಪುಡಿಪುಡಿ ಆಗಿ ಉದುರಿದ್ರೆ ಒಣಗಿದೆ, ಅಕ್ಕಿ ತೊಳೆದ ನೀರು ಚಿಮುಕ್ಸಿ. ಮೂಗೂ ಕೆಲಸಕ್ಕೆ ಬರತ್ತೆ, ಮಳೆ ಬಿದ್ದ ಮಣ್ಣಿನ ವಾಸನೆ ಅಥವಾ ಸ್ವಲ್ಪ ಹೆಂಡದ ವಾಸನೆ ಇದ್ರೆ ಯೋಚನೆ ಇಲ್ಲ, ಮೋರಿ ವಾಸನೆ ಬಂದ್ರೆ ಗಾಳಿ ಸಾಲ್ತಿಲ್ಲ ಅಂತ, ಕಣ್ಣು ಮೂಗು ಉರಿಯೋ ಹಾಗೆ ಘಾಟು ಬಂದ್ರೆ ಹಿಂಡಿ ಜಾಸ್ತಿ ಆಯ್ತು ಅಂತ. ಎರಡಕ್ಕೂ ಔಷಧಿ ಒಂದೇ, ಇನ್ನಷ್ಟು ಒಣ ಎಲೆ ಹಾಕಿ ಚೆನ್ನಾಗಿ ತಿರುವೋದು.

ಬಿಳಿ ಬೂಷ್ಟು ಕಂಡ್ರೆ ಗಾಬರಿ ಆಗ್ಬೇಡಿ, ನಾರು ಒಡೆಯೋದೇ ಅದು. ಹುಳ ಕಂಡ್ರೆ ಎಲ್ಲರೂ ಹೌಹಾರ್ತಾರೆ, ಸ್ವಲ್ಪ ಹತ್ರದಿಂದ ನೋಡಿ. ಬೂದು-ಕಂದು ಬಣ್ಣ, ಚಪ್ಪಟೆ ಮೈ, ಮೈಮೇಲೆ ಗೆರೆಗೆರೆ, ಮುಟ್ಟಿದ್ರೆ ಒರಟು, ಹೀಗಿದ್ರೆ ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿ. ಇದು ದೊಡ್ಡದಾಗಿ ನೊಣ ಆದ್ಮೇಲೆ ಕಚ್ಚಲ್ಲ, ನಮ್ಮ ಊಟದ ಮೇಲೆ ಬಂದು ಕೂರಲ್ಲ, ಮರಿ ಇರೋವಾಗ ಮಾತ್ರ ಸಿಪ್ಪೆನ ರಾಕ್ಷಸರ ತರ ತಿನ್ನತ್ತೆ. ಇರಲಿ ಬಿಡಿ. ಹಣ್ಣಿನ ನುಸಿ ಜಾಸ್ತಿ ಆದ್ರೆ ಎಲೆ ಹೊದಿಕೆ ದಪ್ಪ ಮಾಡಿ, ಪಕ್ಕದಲ್ಲಿ ಒಂದು ಲೋಟದಲ್ಲಿ ವಿನಿಗರ್, ಅದಕ್ಕೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿಡಿ, ಬಂದು ಬಿದ್ದು ಸಾಯತ್ತೆ.

ಬಕೆಟ್ ತುಂಬಿದ್ಮೇಲೆ ಹೊಸದು ಹಾಕೋದು ನಿಲ್ಸಿ, ಎರಡನೇ ಬಕೆಟ್ ಶುರು ಮಾಡಿ. ತುಂಬಿದ್ದನ್ನ ನೆರಳಲ್ಲಿ ಒಂದೂವರೆಯಿಂದ ಎರಡು ತಿಂಗಳು ಬಿಡಿ, ಡಿಸೆಂಬರ್ ಚಳಿಲಿ ಇನ್ನೂ ಸ್ವಲ್ಪ ಎಳೆಯತ್ತೆ. ಸಣ್ಣ ಬಕೆಟ್ ತಿಪ್ಪೆ ತರ ಬಿಸಿ ಏರಲ್ಲ, ಅದಕ್ಕೇ ನಿಧಾನ. ತುಂಬಿಸಿದ್ದು ಕಾಲು ಭಾಗಕ್ಕೆ ಕುಸಿದು, ಯಾವುದು ಬಾಳೆ ಸಿಪ್ಪೆ ಯಾವುದು ಮೂಸಂಬಿ ಸಿಪ್ಪೆ ಅಂತ ಗೊತ್ತಾಗದ ಹಾಗೆ ಕಪ್ಪಾಗಿ ಪುಡಿಯಾದ್ರೆ ಆಯ್ತು ಅಂತ. ಜರಡಿ ಹಿಡಿದು ಮೇಲೆ ಉಳಿದ ಕಡ್ಡಿ ನಾರನ್ನ ಹೊಸ ಬಕೆಟ್‌ಗೆ ಹಾಕಿ.

ಎಲ್ಲಾ ಹಣ್ಣೂ ಒಂದೇ ಅಲ್ಲ

ಬಾಳೆ ಸಿಪ್ಪೆ ಎಲ್ಲಕ್ಕಿಂತ ಬೇಗ ಕೊಳೆಯತ್ತೆ, ಏಲಕ್ಕಿ ಬಾಳೆದು ತೆಳ್ಳಗಿರೋದ್ರಿಂದ ಇನ್ನೂ ಬೇಗ, ಪಚ್ಚಬಾಳೆದು ಸ್ವಲ್ಪ ತಡ. ಆಯುಧಪೂಜೆ ಮಾರನೇ ದಿನ ರೋಡಲ್ಲಿ ಬಿದ್ದಿರೋ ಬಾಳೆ ಕಂಬ ನೋಡಿ ನನಗೆ ಹೊಟ್ಟೆ ಉರಿಯತ್ತೆ, ಸಣ್ಣಗೆ ಹೆಚ್ಚಿ ಹಾಕಿದ್ರೆ ಅಷ್ಟೂ ಗೊಬ್ಬರ, ಆದ್ರೆ ಅದು ಬರೀ ನೀರು, ಒಂದು ದಿನ ಬಾಡಿಸಿ ಹಾಕಿ. ಒಡೆದ ಬೂದುಗುಂಬಳನೂ ಹಾಗೇ, ಕುಂಕುಮ ಸುಣ್ಣ ತೊಳೆದು, ಒಳಗೆ ಹಾಕಿರೋ ಚಿಲ್ಲರೆ ತೆಗೆದು ಹಾಕ್ಬೇಕು ಅಷ್ಟೆ. ಕಲ್ಲಂಗಡಿ ಸಿಪ್ಪೆ ಬೇಸಿಗೆಲಿ ಮನೆಮನೆಲೂ ರಾಶಿ ಬೀಳತ್ತೆ, ಬಕೆಟ್ ಹಾಳು ಮಾಡೋದ್ರಲ್ಲಿ ಇದೇ ನಂಬರ್ ಒನ್, ಹಸಿರು ಸಿಪ್ಪೆ ಸಣ್ಣಗೆ ಹೆಚ್ಚಿ ಬಿಸಿಲಲ್ಲಿ ಒಂದು ದಿನ ಹರಡಿ ಸುಕ್ಕುಗಟ್ಟಿದ ಮೇಲೆ ಹಾಕಿ, ಬಿಳಿ ಭಾಗನ ದೋಸೆಗೋ ಪಲ್ಯಕ್ಕೋ ಹಾಕ್ಕೊಂಡ್ರೆ ಇನ್ನೂ ಒಳ್ಳೇದು.

ನಿಂಬೆ, ಕಿತ್ತಳೆ, ಮೂಸಂಬಿ ಸಿಪ್ಪೆ ಹಾಕಿದ್ರೆ ಮಣ್ಣು ಹುಳಿ ಆಗತ್ತೆ ಅಂತ ಹೆದರಿಸ್ತಾರೆ, ಕೊಳೆತ ಮೇಲೆ ಹುಳಿ ಏನೂ ಉಳಿಯಲ್ಲ. ಅದರ ಎಣ್ಣೆ ಅಂಶ ಮಾತ್ರ ಸೂಕ್ಷ್ಮಜೀವಿಗಳ ಕೆಲಸ ನಿಧಾನ ಮಾಡತ್ತೆ, ಅದಕ್ಕೆ ಸಣ್ಣ ಚೂರು ಮಾಡಿ, ಒಟ್ಟು ಸಿಪ್ಪೆಲಿ ಕಾಲು ಭಾಗ ಮೀರದ ಹಾಗೆ ನೋಡ್ಕೊಳ್ಳಿ. ಎರೆಹುಳು ಡಬ್ಬ ಇಟ್ಟಿರೋರು ಅದಕ್ಕೆ ಇದನ್ನ ಹಾಕ್ಲೇಬೇಡಿ, ಎರೆಹುಳು ದೂರ ಸರಿಯತ್ತೆ. ಹಾಪ್‌ಕಾಮ್ಸ್ ಪಕ್ಕದ ಜ್ಯೂಸ್ ಅಂಗಡಿಯಿಂದ ಚೀಲಗಟ್ಟಲೆ ತರೋರು ಇದನ್ನ ನೆನಪಲ್ಲಿ ಇಟ್ಕೊಳ್ಳಿ. ದಾಳಿಂಬೆ ಸಿಪ್ಪೆ ಗಟ್ಟಿ, ಒಗರು, ತಿಂಗಳಾದ್ರೂ ಹಾಗೇ ಕೂತಿರತ್ತೆ, ಒಣಗಿಸಿ ಕುಟ್ಟಿ ಹಾಕಿ. ಮಾವಿನ ಸಿಪ್ಪೆ ಸರಿ, ವಾಟೆ ಬಕೆಟ್‌ಗೆ ಬೇಡ, ವರ್ಷ ಆದ್ರೂ ಕೊಳೆಯಲ್ಲ. ಹಲಸಿನ ಹಣ್ಣಂತೂ ತೊಳೆ ಬಿಡಿಸಿದ ಮೇಲೆ ಮುಕ್ಕಾಲು ಪಾಲು ಕಸನೇ, ಅಪಾರ್ಟ್‌ಮೆಂಟಲ್ಲಿ ಅದನ್ನ ಬಕೆಟ್‌ಗೆ ತುಂಬೋ ಸಾಹಸ ಬೇಡ, ಹಿತ್ತಲು ಇರೋ ನೆಂಟರ ಮನೆಗೆ ಕಳ್ಸಿ.

ಸೀತಾಫಲದ ಬೀಜದ ವಿಷಯದಲ್ಲಿ ಮಾತ್ರ ಹುಷಾರು. ಪುಡಿ ಮಾಡಿ ಹಾಕೋಣ ಅಂತ ಮಿಕ್ಸಿಗೆ ಹಾಕ್ಬೇಡಿ, ಆ ಪುಡಿ ಕಣ್ಣಿಗೆ ಬಿದ್ರೆ ಕಣ್ಣಿಗೇ ಅಪಾಯ. ಸಿಪ್ಪೆ ಹಾಕಿ, ಬೀಜ ಬಿಡಿ. ಸೇಬಿನ ಮೇಲಿನ ಸ್ಟಿಕ್ಕರ್ ಕಿತ್ತು ಹಾಕಿ, ಅದು ಪ್ಲಾಸ್ಟಿಕ್ಕು, ಎಷ್ಟು ದಿನ ಆದ್ರೂ ಗೊಬ್ಬರದಲ್ಲಿ ಹಾಗೇ ಮಿಂಚ್ತಿರತ್ತೆ.

ನೆಲ ಇದ್ರೆ ಬಕೆಟ್ ಯಾಕೆ

ಹಿತ್ತಲು, ತೋಟ ಇರೋರ ಕೆಲಸ ತುಂಬಾ ಸಲೀಸು. ಗಿಡದ ಬುಡದಲ್ಲಲ್ಲ, ಕೊಂಬೆಗಳ ಅಂಚಿನ ನೆರಳು ಬೀಳೋ ಜಾಗದಲ್ಲಿ ಒಂದಡಿ ಆಳದ ಗುಂಡಿ ತೆಗೀರಿ, ಆಹಾರ ಹೀರೋ ಸಣ್ಣ ಬೇರು ಅಲ್ಲಿರತ್ತೆ. ಸಿಪ್ಪೆ ಹಾಕಿ, ಒಂದಷ್ಟು ಎಲೆ ಹಾಕಿ, ಮೇಲೆ ಅರ್ಧ ಅಡಿಗೂ ಹೆಚ್ಚು ಮಣ್ಣು ಮುಚ್ಚಿ ತುಳೀರಿ, ಮುಂದಿನ ಸಲ ಪಕ್ಕಕ್ಕೆ ಸರಿದು ಇನ್ನೊಂದು ಗುಂಡಿ. ಮೇಲ್ಮೇಲೆ ಹೂತ್ರೆ ಹೆಗ್ಗಣ ರಾತ್ರಿನೇ ಬಗೆದು ಹಾಕತ್ತೆ. ಬಾಳೆ, ಪಪ್ಪಾಯ, ತೆಂಗು, ನುಗ್ಗೆ ಇವಕ್ಕೆಲ್ಲ ಇದು ಆಗಿಬರತ್ತೆ, ಹಲಸಿನ ಕಸ, ಮಾವಿನ ವಾಟೆನೂ ಇಲ್ಲಿ ನಡೆಯತ್ತೆ.

ಇದೇ ಐಡಿಯಾನ ಕುಂಡದಲ್ಲಿ ಮಾಡೋಕೆ ಹೋಗ್ಬೇಡಿ. 12 ಇಂಚಿನ ಕುಂಡದಲ್ಲಿ ಹಸಿ ಸಿಪ್ಪೆ ಹೂತಿಟ್ರೆ ಅದನ್ನ ಕೊಳೆಸೋ ಜೀವಿಗಳು ಮಣ್ಣಲ್ಲಿರೋ ಸಾರಜನಕನೇ ಮೊದಲು ಬಳಸ್ಕೊಂಡು ಬಿಡತ್ತೆ, ಗಿಡ ಎಲೆ ಹಳದಿ ಮಾಡ್ಕೊಂಡು ನಿಲ್ಲತ್ತೆ, ಬೇರಿನ ಪಕ್ಕದಲ್ಲೇ ಕೊಳೆತದ್ದಕ್ಕೆ ಬೇರೂ ಕೊಳೆಯಬಹುದು. ಒಣಗಿಸಿ ಪುಡಿ ಮಾಡಿ ಹಾಕೋದೂ ಕೊಳೆಯದ ಸಿಪ್ಪೆನೇ, ಆದ್ರೆ ಸಣ್ಣ ಪುಡಿ ಆದ್ದರಿಂದ ತೊಂದರೆ ಕಮ್ಮಿ, ತಿಂಗಳಿಗೆ ಒಂದು ಚಮಚ ಮೇಲ್ಮಣ್ಣಲ್ಲಿ ಬೆರೆಸಿದ್ರೆ ನಡೆಯತ್ತೆ.

ದ್ರವ ಗೊಬ್ಬರದ ಹುಚ್ಚು ಇರೋರಿಗೆ

ತೀರಾ ಕಳಿತ ಬಾಳೆಹಣ್ಣು, ಪಪ್ಪಾಯ, ಸಪೋಟ ಇದ್ರೆ ಹಣ್ಣಿನ ತೂಕದಷ್ಟೇ ಬೆಲ್ಲ ಹಾಕಿ ರಾಮನವಮಿ ರಸಾಯನಕ್ಕೆ ಕಿವುಚೋ ಹಾಗೆ ಕೈಯಲ್ಲಿ ಕಿವುಚಿ, ಜಾಡಿಲಿ ಮುಕ್ಕಾಲು ಭಾಗ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ನೆರಳಲ್ಲಿ ಒಂದು ವಾರ ಇಡಿ. ಕೊರಿಯಾದ ಚೋ ಹಾನ್-ಕ್ಯು ಅವರ ನೈಸರ್ಗಿಕ ಕೃಷಿ ಪದ್ಧತಿಯಿಂದ ಬಂದಿದ್ದು ಇದು. ಸೋಸಿದ ರಸನ ಲೀಟರ್ ನೀರಿಗೆ 2 ಎಂಎಲ್ ಮಾತ್ರ ಬೆರೆಸಿ, ಟೊಮ್ಯಾಟೊ, ಮೆಣಸಿನಕಾಯಿ, ಹೀರೆ ಹೂ ಬಿಡೋ ಟೈಮಲ್ಲಿ ಬುಡಕ್ಕೆ ಕೊಡಿ. ಹುಳಿ ಹಣ್ಣು ಇದಕ್ಕೆ ಬೇಡ, ಜಾಡಿ ಮುಚ್ಚಳ ಬಿಗಿ ಮಾಡ್ಬೇಡಿ. ಇದು ಗಿಡಕ್ಕಿಂತ ಮಣ್ಣಿನ ಜೀವಿಗಳಿಗೆ ಕೊಡೋ ಊಟ ಅಂತ ತಿಳ್ಕೊಳ್ಳಿ. ಸಗಣಿ ಗಂಜಲದಿಂದ ಮಾಡೋ ನಮ್ಮ ದ್ರವ ಗೊಬ್ಬರಗಳಾದ ಜೀವಾಮೃತಕ್ಕೆ ಬೆಲ್ಲ, ಪಂಚಗವ್ಯಕ್ಕೆ ಬಾಳೆಹಣ್ಣು ಹಾಕೋದೂ ಇದೇ ಕಾರಣಕ್ಕೆ.

ಬಯೋ ಎಂಜೈಮ್ ಬೇರೆ, ಅದು ಸಿಪ್ಪೆನ ಬೆಲ್ಲದ ನೀರಲ್ಲಿ ಹುಳಿ ಬರಿಸಿ ಮಾಡೋ ದ್ರವ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಅಂದ್ರೆ 100 ಗ್ರಾಂ, 300 ಗ್ರಾಂ, 1 ಲೀಟರ್, ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿಲಿ ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ತೆಗೆದು ಗ್ಯಾಸ್ ಬಿಡಿ, ಗಾಜಿನ ಬಾಟಲಿ ಬೇಡವೇ ಬೇಡ, ಸಿಡಿಯತ್ತೆ. ಕಿತ್ತಳೆ ನಿಂಬೆ ಸಿಪ್ಪೆಗೆ ಇದು ಬೆಸ್ಟ್ ದಾರಿ, ಆದ್ರೆ ಬರೋ ದ್ರವ ಚೆನ್ನಾಗಿ ಹುಳಿ, ನನ್ನ ಪ್ರಕಾರ ಇದನ್ನ ನೆಲ ಒರೆಸೋಕೆ, ಸಿಂಕ್ ತೊಳೆಯೋಕೆ ಇಟ್ಕೊಳ್ಳೋದೇ ಸರಿ. ಗಿಡಕ್ಕೆ ಹಾಕ್ಲೇಬೇಕು ಅಂದ್ರೆ ಲೀಟರಿಗೆ 1-2 ಎಂಎಲ್ ಮೇಲೆ ಹೋಗ್ಬೇಡಿ. ಬಕೆಟ್ ಕೆಳಗಿನ ತಟ್ಟೆಲಿ ಸೇರೋ ಕಂದು ನೀರನ್ನ ಹತ್ತು ಪಟ್ಟು ನೀರು ಬೆರೆಸಿ ಹೂವಿನ ಗಿಡಕ್ಕೆ ಹಾಕಿ, ಹಸಿಯಾಗಿ ತಿನ್ನೋ ಕೊತ್ತಂಬರಿ ಪುದೀನಕ್ಕೆ ಬೇಡ.

ಆದ ಗೊಬ್ಬರ ಎಷ್ಟು, ಯಾವಾಗ

12 ಇಂಚಿನ ಕುಂಡಕ್ಕೆ ತಿಂಗಳಿಗೊಂದ್ಸಲ ಎರಡು ಹಿಡಿ. ಮೇಲ್ಮಣ್ಣನ್ನ ಎರಡು ಬೆರಳು ಆಳಕ್ಕೆ ಕೆದಕಿ, ಕಾಂಡಕ್ಕೆ ತಾಗದ ಹಾಗೆ ಅಂಚಿನ ಕಡೆ ಹಾಕಿ ಮಣ್ಣು ಎಳೆದು ನೀರು ಕೊಡಿ. ಹೊಸ ಕುಂಡ ತುಂಬೋವಾಗ ಮೂರು ಪಾಲು ಮಣ್ಣು-ಕೊಕೊಪೀಟ್ ಮಿಶ್ರಣಕ್ಕೆ ಒಂದು ಪಾಲು ಗೊಬ್ಬರ. ಬರೀ ಗೊಬ್ಬರದಲ್ಲೇ ಗಿಡ ನೆಡ್ಬೇಡಿ. ಹಣ್ಣಿನ ಸಿಪ್ಪೆ ಜಾಸ್ತಿ ಇರೋ ಗೊಬ್ಬರ ಹೂವು, ಹಣ್ಣು, ಗೆಡ್ಡೆ ಬಿಡೋ ಗಿಡಗಳಿಗೆ ಚೆನ್ನಾಗಿ ಹೊಂದತ್ತೆ, ಪಾಲಕ್ ದಂಟಿನ ತರದ ಸೊಪ್ಪುಗಳಿಗೆ ಜೊತೇಲಿ ಸ್ವಲ್ಪ ಹಿಂಡಿನೂ ಬೇಕು.

ಟೊಮ್ಯಾಟೊ ಕಾಯಿ ತಳದಲ್ಲಿ ಕಪ್ಪಾಗಿ ಕೊಳೆಯೋದಕ್ಕೆ ಬಾಳೆ ಸಿಪ್ಪೆ ಔಷಧಿ ಅಂತ ಹೇಳ್ತಾರಲ್ಲ, ಅದನ್ನ ನಂಬ್ಬೇಡಿ. ಅದು ಕಾಯಿಗೆ ಸುಣ್ಣದ ಅಂಶ (ಕ್ಯಾಲ್ಸಿಯಂ) ಸರಿಯಾಗಿ ತಲುಪದೆ ಆಗೋದು, ಮುಖ್ಯ ಕಾರಣ ಒಂದು ದಿನ ಕುಂಡ ಒಣಗಿಸಿ ಇನ್ನೊಂದು ದಿನ ಮುಳುಗಿಸೋದು. ಪೊಟ್ಯಾಶ್ ಅತಿ ಆದ್ರೆ ಗಿಡ ಸುಣ್ಣದ ಅಂಶ ಹೀರೋದು ಇನ್ನೂ ಕಮ್ಮಿ ಆಗತ್ತೆ. ದಿನಾ ಒಂದೇ ಅಳತೆಲಿ ನೀರು ಕೊಡಿ, ಮೇಲೆ ಒಣ ಎಲೆ ಹೊದಿಸಿ.

ಒಂದು ವಿಷಯ ಮೊದಲೇ ಹೇಳಿರ್ತೀನಿ, ಬಕೆಟ್ ಅಷ್ಟು ಬಿಸಿ ಏರದೆ ಇರೋದ್ರಿಂದ ಬೀಜ ಸಾಯಲ್ಲ. ಗೊಬ್ಬರ ಹಾಕಿದ ಕುಂಡದಲ್ಲೆಲ್ಲಾ ಟೊಮ್ಯಾಟೊ, ಕರ್ಬೂಜ, ಪಪ್ಪಾಯ ಸಸಿ ಏಳತ್ತೆ. ಬೇಡದ್ದನ್ನ ಎಳೇದಿರುವಾಗಲೇ ಕಿತ್ತುಬಿಡಿ. ಪಪ್ಪಾಯ ಉಳಿಸ್ಕೋಬೇಕು ಅನ್ನೋ ಆಸೆ ಇದ್ರೆ ಒಂದನ್ನೇ ನಂಬ್ಕೊಂಡು ಕೂರ್ಬೇಡಿ, ಮೂರ್ನಾಲ್ಕು ಸಸಿ ದೊಡ್ಡ ಡ್ರಮ್ಮಿಗೋ ನೆಲಕ್ಕೋ ನೆಟ್ಟು ಹೂ ಬಿಡೋ ತನಕ ಕಾಯಿರಿ. ಹೂವು ಉದ್ದ ದಾರದಂಥ ಕಾಂಡದಲ್ಲಿ ಗೊಂಚಲು ಗೊಂಚಲಾಗಿ ಜೋತು ಬಿದ್ರೆ ಗಂಡು ಗಿಡ, ಕಾಂಡಕ್ಕೇ ಅಂಟಿದ ಹಾಗೆ ದಪ್ಪ ಹೂವು ಬಿಟ್ರೆ ಕಾಯಿ ಕಚ್ಚೋ ಗಿಡ. ಅಂಗಡಿಲಿ ತಂದ ಹೈಬ್ರಿಡ್ ಹಣ್ಣಿನ ಬೀಜ ಆಗಿದ್ರೆ ಅದೇ ರುಚಿ, ಅದೇ ಗಾತ್ರ ಬರತ್ತೆ ಅಂತ ಗ್ಯಾರಂಟಿ ಇಲ್ಲ, ಆದ್ರೂ ಸಾಂಬಾರಿಗೆ ಪಲ್ಯಕ್ಕೆ ಕಾಯಿ ಅಂತೂ ಸಿಗತ್ತೆ.